ಒಂದೇ ಚುಕ್ಕೆಯ ಓಟ

ಹದಿನಾಲ್ಕು ಇಂಚಿನ ಹಳೆಯ ಕಪ್ಪು-ಬಿಳುಪು ಪೋರ್ಟಬಲ್ ಟಿವಿಯಲ್ಲಿ ಇಡೀ ಚಿತ್ರ ಒಮ್ಮೆಗೇ ಮೂಡುವುದೇ ಇಲ್ಲ. ಅಲ್ಲಿರುವುದು ಒಂದೇ ಒಂದು ಬೆಳಕಿನ ಚುಕ್ಕೆ. ಅದು ಎಡದಿಂದ ಬಲಕ್ಕೆ ಓಡುತ್ತದೆ, ಹಿಂದಿರುಗುತ್ತದೆ, ಸ್ವಲ್ಪ ಕೆಳಗಿಳಿದು ಮತ್ತೆ ಓಡುತ್ತದೆ. ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಂದರೆ ಸೆಕೆಂಡಿಗೆ 15,625 ಗೆರೆ. ಉಳಿದದ್ದೆಲ್ಲ ನಮ್ಮ ಕಣ್ಣಿನ ಸೋಮಾರಿತನ.

ಪರದೆಯ ಅಗಲ ಸುಮಾರು 28 ಸೆಂ.ಮೀ. ಚುಕ್ಕೆ ಅದನ್ನು ದಾಟುವುದು 52 ಮೈಕ್ರೊಸೆಕೆಂಡಿನಲ್ಲಿ, ಗಂಟೆಗೆ 19,000 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ. ವಾಪಸಾಗಲು ಸಿಗುವುದು 12 ಮೈಕ್ರೊಸೆಕೆಂಡ್ ಮಾತ್ರ, ಆಗ ವೇಗ ಸೆಕೆಂಡಿಗೆ 23 ಕಿ.ಮೀ. ಭೂಮಿಯ ಹಿಡಿತ ಬಿಡಿಸಿಕೊಳ್ಳಲು ಬೇಕಾದ ವೇಗ 11.2 ಅಷ್ಟೇ! ಕಾಣುವ ಗೆರೆಗಳನ್ನಷ್ಟೇ ಒಂದರ ಮುಂದೊಂದು ಜೋಡಿಸಿದರೆ ಸೆಕೆಂಡಿಗೆ ನಾಲ್ಕು ಕಿ.ಮೀ. ಆಗುತ್ತದೆ. ಭಾನುವಾರ ಸಂಜೆಯ ಎರಡೂಮುಕ್ಕಾಲು ಗಂಟೆಯ ಸಿನಿಮಾ ಮುಗಿಯುವ ಹೊತ್ತಿಗೆ ಚುಕ್ಕೆ ಹೆಚ್ಚುಕಮ್ಮಿ ಭೂಪ್ರದಕ್ಷಿಣೆ ಮುಗಿಸಿರುತ್ತದೆ.

ಈ ಚುಕ್ಕೆ ಮೂಡಿಸುವುದು ಎಲೆಕ್ಟ್ರಾನುಗಳು. ಹಿಂಬದಿಗೆ 12 ವೋಲ್ಟಿನ ಕಾರ್ ಬ್ಯಾಟರಿ ಸಿಕ್ಕಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಅದನ್ನು 11,000 ವೋಲ್ಟಿನ ಆಸುಪಾಸಿಗೆ ಏರಿಸುತ್ತದೆ. ಆ ಒತ್ತಡಕ್ಕೆ ಎಲೆಕ್ಟ್ರಾನುಗಳು ಬೆಳಕಿನ ಐದನೇ ಒಂದು ಭಾಗದ ವೇಗದಲ್ಲಿ ಬಂದು ಗಾಜಿಗೆ ಅಪ್ಪಳಿಸುತ್ತವೆ. 50 ಮೈಕ್ರೊಆಂಪಿಯರ್ ಹರಿದರೂ ಸೆಕೆಂಡಿಗೆ ಮೂರು ಕೋಟಿ ಕೋಟಿ ಎಲೆಕ್ಟ್ರಾನು. ತೂಗಿದರೆ? ಒಂದು ಗ್ರಾಂ ಆಗಲು ಟಿವಿಯನ್ನು ಆರಿಸದೆ 1.1 ಲಕ್ಷ ವರ್ಷ ನೋಡಬೇಕು.

ಅಟ್ಟದಿಂದ ಇಳಿಸಿದ ಸೆಟ್ಟಿನ ಹಿಂಬದಿ ಬಿಚ್ಚುವವರು ನೆನಪಿಡಬೇಕಾದದ್ದು ಆ 11,000. ಪಿಕ್ಚರ್ ಟ್ಯೂಬಿನ ಗಾಜೇ ಒಂದು ಕಂಡೆನ್ಸರ್. ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದುಕೊಂಡು ಕೂತಿರುತ್ತದೆ. ಅದಕ್ಕೇ ಮೆಕ್ಯಾನಿಕ್ ಮೊದಲು ಅರ್ತ್ ವೈರು ಕಟ್ಟಿದ ಸ್ಕ್ರೂಡ್ರೈವರನ್ನು ರಬ್ಬರ್ ಟೋಪಿಯಡಿ ತೂರಿಸುತ್ತಾನೆ. ಟಪ್ ಎಂದು ಕಿಡಿ ಹಾರಿದ ಮೇಲೆಯೇ ಉಳಿದ ಕೆಲಸ. ಟ್ಯೂಬಿನೊಳಗೆ ಗಾಳಿಯೂ ಇಲ್ಲ. ಮಂಗಳೂರಿನಲ್ಲಿ ಅದರ ಮುಖದ ಮೇಲೆ ಹೊರಗಿನ ಗಾಳಿಯ ಭಾರ ಸುಮಾರು ಆರು ಕ್ವಿಂಟಲ್. ಬೆಂಗಳೂರಿನ ಎತ್ತರದಲ್ಲಿ ಒಬ್ಬಾಳಿನ ತೂಕ ಕಮ್ಮಿ, ಅಷ್ಟೇ ಸಮಾಧಾನ.

ಇಷ್ಟೆಲ್ಲ ರಭಸವನ್ನು ಹತ್ತು ರೂಪಾಯಿಯ ಕಂಡೆನ್ಸರ್ ನಿಲ್ಲಿಸಿಬಿಡಬಲ್ಲದು. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಸೆಟ್ಟಿನಲ್ಲಿ ಅದು ಒಣಗಿರುತ್ತದೆ, ಇಲ್ಲವೇ ತಲೆ ಉಬ್ಬಿರುತ್ತದೆ. ವರ್ಟಿಕಲ್ ಸೆಕ್ಷನ್ನಿನದು ಕೈಕೊಟ್ಟರೆ ಚುಕ್ಕೆ ಕೆಳಗಿಳಿಯುವುದನ್ನೇ ಮರೆಯುತ್ತದೆ. ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು, ಪರದೆಯ ನಡುವೆ ಒಂದೇ ಅಡ್ಡಗೆರೆ ಕಣ್ಣು ಕುಕ್ಕುತ್ತದೆ. ತಕ್ಷಣ ಬ್ರೈಟ್‌ನೆಸ್ ತಗ್ಗಿಸದಿದ್ದರೆ ಅಲ್ಲಿಯ ಫಾಸ್ಫರ್ ಸುಟ್ಟು, ಆ ಗೆರೆ ಕಾಯಂ ಕಲೆಯಾಗುತ್ತದೆ.

ಸೋನಿ 1960ರಲ್ಲಿ ಮಾರುಕಟ್ಟೆಗೆ ತಂದ ಎಂಟು ಇಂಚಿನ ಪೋರ್ಟಬಲ್ ಟಿವಿಯಲ್ಲಿ ಇದ್ದದ್ದು 23 ಟ್ರಾನ್ಸಿಸ್ಟರ್. ಇಂದಿನ ದುಬಾರಿ ಫೋನಿನ ಒಂದೇ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಹೆಚ್ಚು. ದುರಸ್ತಿಗಾರನಿಗೆ ಮಾತ್ರ ಇಪ್ಪತ್ಮೂರೇ ವಾಸಿ, ಒಂದೊಂದನ್ನೂ ಬೆರಳಲ್ಲಿ ಹಿಡಿದು ಮೀಟರಿಗೆ ಕೊಡಬಹುದು.

ಬರೀ ಆಂಟೆನಾ ಎಳೆದು ನಿಲ್ಲಿಸಿದರೆ ಈಗ ಸಿಗುವುದು ಇರುವೆ ಮುತ್ತಿದಂಥ ಪರದೆ. ದೂರದರ್ಶನದ ಹಳೆಯ ಅನಲಾಗ್ ಪ್ರಸಾರ ಬಹುತೇಕ ನಿಂತಿದೆ. ಸೆಟ್-ಟಾಪ್ ಬಾಕ್ಸಿಗೂ ಟಿವಿಗೂ ನಡುವೆ ಒಂದು ಆರ್‌ಎಫ್ ಮಾಡ್ಯುಲೇಟರ್ ಹಾಕಿದರೆ ಚಿತ್ರ ಬರುತ್ತದೆ. ಬಾರದಿದ್ದರೆ, ಲೈನ್ ಸೆಕ್ಷನ್ ಓಡುತ್ತಿದೆಯೇ ಎಂದು ತಿಳಿಯಲು ಮನೆಯ ಮಗುವನ್ನು ಕರೆದು, ಸೆಟ್ಟಿನಿಂದ ದೂರ ನಿಲ್ಲಿಸಿ ಕೇಳಿ. 15,625 ಹರ್ಟ್ಸಿನ ಆ ಸಣ್ಣ ಶಿಳ್ಳೆ ಮಕ್ಕಳಿಗೆ ಕೇಳಿಸುತ್ತದೆ, ತಾತನಿಗೆ ಇಲ್ಲ.