ಕಲ್ಲು ಮಾರಿದೆ, ಮಣ್ಣೂ ಹೋಯ್ತು

ನಮ್ಮದು ಕೂಡ್ಲಿಗಿ ಕಡೆಯ ಒಣಬೇಸಾಯ. ಆರು ಎಕರೆ ಮಸಾರಿ ಹೊಲ. ಶೇಂಗಾ, ಜೋಳ, ಸಜ್ಜೆ, ನಡುವೆ ತೊಗರಿ ಸಾಲು. ಓದಿದ್ದು ಏಳನೇ ಕ್ಲಾಸು. ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಹೊಲದ ಇಳಿಜಾರಿನ ಬದಿಗೆ ಅಜ್ಜನಿಗಿಂತ ಹಿಂದಿನವರು ಕಟ್ಟಿದ ಕಲ್ಲುಗೋಡೆ ಇತ್ತು. ಸೊಂಟದೆತ್ತರ, ಸುಮಾರು ಐವತ್ತು ಮಾರು ಉದ್ದ. ಗಾರೆಯಿಲ್ಲ, ಬರೀ ಕಾಡುಗಲ್ಲು. 2003ರ ಬರದಲ್ಲಿ ಬಿತ್ತಿದ್ದು ಕೈಗೆ ಬರಲಿಲ್ಲ. ಮನೆ ಕಟ್ಟಿಸುತ್ತಿದ್ದವರೊಬ್ಬರು ಬುನಾದಿಗೆ ಕಲ್ಲು ಕೇಳಿದರು. ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಅರ್ಧ ಗೋಡೆ ಕೊಟ್ಟುಬಿಟ್ಟೆ. "ಕೀಳಬ್ಯಾಡೋ ತಮ್ಮಾ, ಹೊಲದ ಮಣ್ಣು ನಿಂತಿರಾದು ಅದರಾಗೆ" ಅಂತ ಅವ್ವ ಹೇಳಿದಳು. ಕೇಳಲಿಲ್ಲ.

2009ರ ಮಳೆ ನಮ್ಮ ಕಡೆಯವರು ಮರೆಯುವಂಥದ್ದಲ್ಲ. ಬೆಳಿಗ್ಗೆ ಹೋಗಿ ನೋಡಿದರೆ, ಗೋಡೆ ಇದ್ದ ಕಡೆ ನೀರು ಕಲ್ಲಿನ ಸಂದಿಯಿಂದ ಸೋಸಿಕೊಂಡು ಹೋಗಿತ್ತು, ಮಣ್ಣು ಅಲ್ಲೇ ಇತ್ತು. ಕಿತ್ತ ಕಡೆ ಮೊಣಕಾಲುದ್ದದ ಕೊರಕಲು. ಕಲ್ಲಿನ ದುಡ್ಡು ಎರಡು ತಿಂಗಳ ಜೋಳಕ್ಕಾಗಿತ್ತು. ಹೋದ ಮಣ್ಣು ಇವತ್ತಿಗೂ ತುಂಬಿಲ್ಲ.

ಹಂಪಿಯಲ್ಲಿ ಕಂಡದ್ದು

ಮರುವರ್ಷ ಹಂಪಿ ತೇರಿಗೆ ಹೋಗಿದ್ದೆ. ಹಿಂದೆ ಎಷ್ಟೋ ಸಲ ಹೋದವನೇ, ಗೋಡೆಯನ್ನು ಗೋಡೆ ಅಂತ ನೋಡಿದ್ದು ಆವತ್ತೇ. ಕೋಟೆಗೋಡೆಯ ಮುಖಕ್ಕೆ ದೊಡ್ಡ ಕಲ್ಲು, ಹಿಂದೆ ಮಣ್ಣು, ಚೂರುಕಲ್ಲಿನ ತುಂಬು. ಗಾರೆ ಹಾಕದೆ ಕಲ್ಲಿಗೆ ಕಲ್ಲು ಕೂಡಿಸಿದ್ದಾರೆ. ಐನೂರು ವರ್ಷದ ಮೇಲೂ ನಿಂತಿದೆ. ಭೀಮನ ಬಾಗಿಲಿನಲ್ಲಿ ನೇರ ಒಳಗೆ ಹೋಗಲಾಗದು, ತಿರುಗಿ ಹೋಗಬೇಕು. ಹಗೆಯವರು ಒಮ್ಮೆಲೇ ನುಗ್ಗಬಾರದೆಂದು ಹಾಗೆ ಮಾಡಿದ್ದು.

ಊರಿನ ಮೇಷ್ಟ್ರು ಇನ್ನೊಂದು ಸಂಗತಿ ಹೇಳಿದರು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದಾಗ ಏಳು ಸುತ್ತಿನ ಕೋಟೆ ಅಂತ ಬರೆದನಂತೆ. ಹೊರಗಿನ ಮೂರು ಸುತ್ತಿನ ನಡುವೆ ಹೊಲ, ತೋಟ, ಮನೆ ಇದ್ದವಂತೆ. ಅಂದರೆ ರಾಜನ ಗೋಡೆ ಕಾದದ್ದು ಅರಮನೆಯನ್ನಷ್ಟೇ ಅಲ್ಲ, ನಮ್ಮಂಥವರ ಬೆಳೆಯನ್ನೂ.

ಕಾನೂನು ಎಲ್ಲಿಯವರೆಗೆ?

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕೇಂದ್ರದ 1958ರ ಕಾಯ್ದೆ, ಅದರ 2010ರ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು. ಅದರಾಚೆ ಮತ್ತೆ 200 ಮೀಟರಿನಲ್ಲಿ ಅನುಮತಿ ಬೇಕು. ಸಂರಕ್ಷಿತ ಸ್ಮಾರಕ ಕೆಡವಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ರಾಜ್ಯದ್ದೂ 1961ರ ಕಾಯ್ದೆಯೊಂದಿದೆ. ಕೋಟೆಯ ಪಕ್ಕ ಜಮೀನಿದ್ದವರು ಮನೆ ಕಟ್ಟುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಆದರೆ ನಮ್ಮ ಹೊಲದ ಗೋಡೆ ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನು ಕಾಯುವವರು ನಾವೇ. ಗಾರೆಯಿಲ್ಲದೆ ಕಲ್ಲು ಕಟ್ಟುವ ಕಸುಬನ್ನು 2018ರಲ್ಲಿ ಯುನೆಸ್ಕೋ ಪರಂಪರೆ ಎಂದು ಪಟ್ಟಿಗೆ ಸೇರಿಸಿತು. ಕೇಳಿಕೊಂಡವು ಇಟಲಿ, ಫ್ರಾನ್ಸ್, ಗ್ರೀಸ್‌ನಂಥ ಎಂಟು ದೇಶಗಳು. ಆ ಕೈಕೆಲಸ ನಮ್ಮಲ್ಲೂ ಇದೆ. ಬಲ್ಲ ಮುದುಕರು ಇರುವಾಗಲೇ ಕಲಿಯಬೇಕು.

ಮತ್ತೆ ಕಟ್ಟಿದ ಬಗೆ

ಮೂರು ಬೇಸಿಗೆ ಹಿಡಿಯಿತು. ಹಿರಿಯ ಒಡ್ಡರೊಬ್ಬರು ಜೊತೆಗೆ ನಿಂತು ಹೇಳಿಕೊಟ್ಟರು.

ಮೇಲುಮಣ್ಣು ತೆಗೆದು ಗಟ್ಟಿ ನೆಲ ಸಿಕ್ಕ ಮೇಲೆ ದೊಡ್ಡ ಕಲ್ಲು ಕೂರಿಸಬೇಕು. ಅಡಿಯಲ್ಲಿ ಮೂರು ಅಡಿ ಅಗಲವಿದ್ದರೆ ತಲೆಯಲ್ಲಿ ಒಂದೂವರೆ ಸಾಕು. ಎರಡು ಮುಖ ಕಟ್ಟಿ ನಡುವೆ ಚೂರುಕಲ್ಲು ಬಿಗಿಯಾಗಿ ತುಂಬಬೇಕು. ಅಲ್ಲಲ್ಲಿ ಎರಡೂ ಮುಖ ಹಿಡಿಯುವಂಥ ಉದ್ದನೆಯ ಅಡ್ಡಗಲ್ಲು ಇಡಬೇಕು. ಕೆಳಗಿನ ಸಂದಿಯ ಮೇಲೆ ಮೇಲಿನ ಸಂದಿ ಬರಬಾರದು.

ಸಂದಿಗೆ ಸಿಮೆಂಟ್ ಮೆತ್ತಬೇಡಿ. ನೀರಿಗೆ ದಾರಿ ಇಲ್ಲದಿದ್ದರೆ ಹಿಂದೆ ನಿಂತು ಗೋಡೆಯನ್ನೇ ದಬ್ಬುತ್ತದೆ. ಆಲ, ಅರಳಿ ಸಸಿ ಹುಟ್ಟಿದರೆ ಬೆರಳುದ್ದ ಇರುವಾಗಲೇ ಕೀಳಿ. ಬೇರು ದಪ್ಪವಾದ ಮೇಲೆ ಎಳೆದರೆ ಕಲ್ಲೂ ಬರುತ್ತದೆ. ಈಗ ಸಂದಿಯಲ್ಲಿ ಮುಂಗುಸಿ ಸೇರಿಕೊಂಡಿವೆ. ಶೇಂಗಾಕ್ಕೆ ಇಲಿ ಕಾಟ ಕಮ್ಮಿ.

ಅಗಸೆ ಬಾಗಿಲು

ನಮ್ಮೂರಿನ ಹಳೇ ಕೋಟೆಯಲ್ಲಿ ಉಳಿದಿರುವುದು ಅಗಸೆಯ ಎರಡು ಕಲ್ಲುಕಂಬ, ಮೇಲೊಂದು ತೊಲೆಗಲ್ಲು. ಮೂರು ವರ್ಷದ ಹಿಂದೆ ಕಟಾವು ಮಷೀನು ಒಳಗೆ ಬರುವುದಿಲ್ಲವೆಂದು ಕೆಡವುವ ಮಾತು ಬಂತು. ಮಷೀನು ಬೇಡ ಅನ್ನುವುದಕ್ಕೂ ಆಗದು, ಆಳು ಸಿಗುವುದಿಲ್ಲ. ಕಾರಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುವುದು ಅದೇ ಬಾಗಿಲಲ್ಲಿ. ಸಭೆಯಲ್ಲಿ ಜಗಳವೇ ಆಯಿತು.

ಬಾಗಿಲ ಪಕ್ಕದ ಕಣ ನಮ್ಮದು. "ಹನ್ನೆರಡು ಅಡಿ ನಾ ಬಿಡ್ತೀನಿ, ದಾರಿ ಆ ಕಡೆ ಮಾಡ್ರಿ" ಅಂದೆ. ಮಗನಿಗೆ ಸಿಟ್ಟು ಬಂತು. ಎರಡು ದಿನ ಮಾತಾಡಲಿಲ್ಲ. ನಾನು ಅವನನ್ನು ಹೊಲಕ್ಕೆ ಕರೆದೊಯ್ದು ಆ ಕೊರಕಲು ತೋರಿಸಿದೆ. ಆಮೇಲೆ ಅವನೇ ಗ್ರಾಮಸಭೆಯ ಠರಾವಿನಲ್ಲಿ ಬಾಗಿಲು ಕೆಡವಬಾರದೆಂದು ಬರೆಸಿದ. ಈಗ ಮಷೀನು ಪಕ್ಕದಲ್ಲಿ ಹೋಗುತ್ತದೆ, ಎತ್ತು ಅಗಸೆಯಲ್ಲಿ ಬರುತ್ತವೆ.

ನಿಮ್ಮ ಹೊಲದ ಹಳೇ ಗೋಡೆಗೆ ಯಾರಾದರೂ ದರ ಕೇಳಿದರೆ ತಕ್ಷಣ ಹೂಂ ಅನ್ನಬೇಡಿ. ಒಂದು ದೊಡ್ಡ ಮಳೆ ಬಂದಾಗ ಅದರ ಮುಂದೆ ನಿಂತು ನೋಡಿ. ಆಮೇಲೆ ದರ ಹೇಳಿ.