ಕಿಸೆಯೊಳಗಿನ ಚಾಕು

ಹೋಟೆಲಿನಲ್ಲಿ ದುಡಿಯುವವರ ಕಿಸೆಯಲ್ಲಿಯೂ ಗುಮಾಸ್ತರ ಮೇಜಿನ ಖಾನೆಯಲ್ಲಿಯೂ ಮಡಿಚುವ ಚಾಕುವೊಂದು ಇರುವುದು ಹೊಸ ಸಂಗತಿಯಲ್ಲ. ಬಾಳೆಲೆಯ ಕಟ್ಟಿನ ಹುರಿಯನ್ನು ಕತ್ತರಿಸುವುದಕ್ಕೂ, ನಿಂಬೆಹಣ್ಣನ್ನು ಹೋಳು ಮಾಡುವುದಕ್ಕೂ, ಊರಿನಿಂದ ಬಂದ ಪಾರ್ಸಲಿನ ಹೊಲಿಗೆ ಬಿಡಿಸುವುದಕ್ಕೂ ಅದು ಬೇಕು. ಹಕ್ಕಿಯ ಗರಿಯನ್ನು ಲೇಖನಿಯಾಗಿ ಕೆತ್ತುತ್ತಿದ್ದ ಕಾಲದಲ್ಲಿ ಪಾಶ್ಚಾತ್ಯ ದೇಶಗಳ ಗುಮಾಸ್ತರಿಗೂ ಸಣ್ಣ ಚಾಕು ಅನಿವಾರ್ಯವಾಗಿತ್ತು. ‘ಪೆನ್‌ನೈಫ್’ ಎಂಬ ಹೆಸರು ಬಂದುದೇ ಹಾಗೆ. ಇಷ್ಟು ಉಪಕಾರಿಯಾದ ವಸ್ತುವನ್ನು ನಾವು ಎಷ್ಟು ಅಲಕ್ಷ್ಯದಿಂದ ಕಾಣುತ್ತೇವೆಂಬುದು ಅಪಾಯವೊದಗಿದ ಮೇಲೆಯೇ ತಿಳಿಯುವುದು.

ಹಿಂದೆ ನಾವು ಮುಂಬಯಿಯ ಕೋಣೆಯೊಂದರಲ್ಲಿ ಹತ್ತಾರು ಮಂದಿಯೊಡನೆ ವಾಸವಾಗಿದ್ದಾಗ, ತರುಣನೊಬ್ಬನು ಎಣ್ಣೆಯ ಡಬ್ಬಿಯನ್ನು ಚಾಕುವಿನ ಮೊನೆಯಿಂದ ತಿವಿದು ತೆರೆಯಲೆಳಸಿದನು. ಅಲಗು ಮಡಿಚಿ ಅವನ ಬೆರಳುಗಳ ಮೇಲೆಯೇ ಎರಗಿತು. ಅರಸಿನದ ಪುಡಿಯನ್ನೊತ್ತಿ ಬಟ್ಟೆ ಸುತ್ತಿ ನಾವೆಲ್ಲರೂ ಸುಮ್ಮನಾದೆವು. ವಾರ ಕಳೆದರೂ ತೋರುಬೆರಳು ಬಾಗಲಿಲ್ಲ. ಒಳಗಿನ ಸ್ನಾಯುರಜ್ಜು ಕಡಿದಿರುವುದೆಂದೂ, ಆ ದಿನವೇ ಬರಬೇಕಾಗಿತ್ತೆಂದೂ ವೈದ್ಯರು ಹೇಳಿದರು. ಕೈಯ ದುಡಿಮೆಯಿಂದಲೇ ಊರಿನ ಮನೆಯನ್ನು ಸಾಕುತ್ತಿದ್ದ ಅವನು ಮತ್ತೆ ಮೊದಲಿನಂತೆ ಲಟ್ಟಣಿಗೆ ಹಿಡಿಯಲಿಲ್ಲ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಇಂತಹ ಅನೇಕ ಚಾಕುಗಳಲ್ಲಿ ಅಲಗನ್ನು ನಿಲ್ಲಿಸುವುದು ಹಿಡಿಯ ಬೆನ್ನಿನಲ್ಲಿರುವ ಒಂದು ಸ್ಪ್ರಿಂಗು ಮಾತ್ರ, ಬೀಗವೆಂಬುದಿಲ್ಲ. ಮೊನೆಯಿಂದ ತಿವಿದರೂ, ಬೆನ್ನಿನ ಮೇಲೆ ಭಾರ ಬಿದ್ದರೂ ಅಲಗು ಮಡಿಚಬಹುದು. ಆದುದರಿಂದ ಅದು ಕೊಯ್ಯುವುದಕ್ಕೆ ಮಾತ್ರ. ತಿವಿಯುವುದಕ್ಕೂ ಮೀಟುವುದಕ್ಕೂ ಅಲ್ಲ. ಬೀಗವುಳ್ಳ ಚಾಕುವಾದರೆ ಅದು ಸರಿಯಾಗಿ ಕಚ್ಚಿಕೊಂಡಿರುವುದನ್ನು ನೋಡಿಕೊಂಡೇ ಬಳಸಬೇಕು. ಮಡಿಚುವಾಗ ಅಲಗು ಕೂರುವ ಸೀಳಿನಲ್ಲಿ ಬೆರಳಿರಬಾರದು. ಮೊಂಡಾದ ಚಾಕುವಿಗೆ ಹೆಚ್ಚು ಬಲ ಹಾಕಬೇಕಾಗಿ ಕೈ ಜಾರುವುದರಿಂದ ಹರಿತವಾದುದಕ್ಕಿಂತ ಅದೇ ಅಪಾಯಕರ. ಕಾಲಕಾಲಕ್ಕೆ ಸಾಣೆ ಹಿಡಿಸುವುದು ಲೇಸು.

ಒಯ್ಯುವಾಗ ಅಲಗು ಪೂರ್ತಿ ಮಡಿಚಿರಬೇಕು. ಸಡಿಲಗೊಂಡು ತಾನಾಗಿ ತೆರೆದುಕೊಳ್ಳುವ ಚಾಕುವನ್ನು ರಿಪೇರಿ ಮಾಡಿಸದೆ ಕಿಸೆಗೆ ಸೇರಿಸಬಾರದು. ಅಂಗಿಯ ಮೇಲ್ಗಿಸೆಯಲ್ಲಿಟ್ಟರೆ ಬಗ್ಗಿದಾಗ ಜಾರಿ ಕುದಿಯುವ ಬಾಣಲೆಗೇ ಬೀಳಬಹುದು. ದಪ್ಪ ಬಟ್ಟೆಯ ಪುಟ್ಟ ಚೀಲದಲ್ಲಿ, ಚಿಲ್ಲರೆಯಿಂದ ಬೇರೆಯಾಗಿ, ಆಳವಾದ ಕಿಸೆಯಲ್ಲಿಡುವುದು ಉತ್ತಮ. ಇನ್ನೊಬ್ಬರಿಗೆ ಕೊಡುವಾಗ ಮಡಿಚಿಯೇ ಕೊಡಬೇಕು. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುವುದೆಂದು ನಮ್ಮ ಹಿರಿಯರು ಅದನ್ನು ನೆಲದ ಮೇಲಿಟ್ಟು ಎತ್ತಿಕೊಳ್ಳೆನ್ನುತ್ತಿದ್ದರು. ಜಗಳದ ಮಾತು ಹೇಗಾದರೂ ಇರಲಿ, ಬೆರಳುಳಿಯುವುದಂತೂ ನಿಜ.

ಪರಸ್ಥಳದಲ್ಲಿರುವ ನಾವು ಕಾನೂನನ್ನೂ ನೆನೆಯಬೇಕು. ಶಸ್ತ್ರಾಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧವೆಂದು ಗಣಿಸಿ, ಮನೆಗೆಲಸ, ಬೇಸಾಯ ಮೊದಲಾದವುಗಳ ಚಾಕುಗಳನ್ನು ಬಿಟ್ಟಿವೆ. ಹಾಗೆಂದು ಸಣ್ಣ ಚಾಕುವೆಲ್ಲವೂ ಎಲ್ಲೆಡೆಯೂ ಸಲ್ಲುವುದೆಂದು ತಿಳಿಯಲಾಗದು. ದೆಹಲಿಯಲ್ಲಿ 1980ರ ಅಧಿಸೂಚನೆಯು ಗುಂಡಿಯೊತ್ತಿದೊಡನೆ ಚಿಮ್ಮುವಂತಹ ಚಾಕುಗಳನ್ನು, ಅಲಗು 7.62 ಸೆಂಟಿಮೀಟರು ಉದ್ದ, 1.72 ಸೆಂಟಿಮೀಟರು ಅಗಲ ಮುಟ್ಟಿದರೆ, ನಿರ್ಬಂಧಿಸಿದೆ. ಮುಂಬಯಿಯಲ್ಲಿ 1951ರ ಪೊಲೀಸ್ ಕಾಯಿದೆಯ 37ನೆಯ ಕಲಮಿನಂತೆ ಆಜ್ಞೆ ಹೊರಟಾಗ ಚಾಕು ಹಿಡಿದು ತಿರುಗುವುದನ್ನೇ ನಿಷೇಧಿಸಬಹುದು. ಗಲಭೆಯ ದಿನಗಳಲ್ಲಿ, ಸಭೆ ಮೆರವಣಿಗೆಗಳಲ್ಲಿ ಅದನ್ನು ಕೋಣೆಯಲ್ಲಿಯೇ ಬಿಡುವುದು ವಿವೇಕ. ವಿಮಾನದಲ್ಲಿ ಹೋಗುವವರು ಅದನ್ನು ಕೈಚೀಲದಲ್ಲಿಡದೆ, ಒಪ್ಪಿಸುವ ಪೆಟ್ಟಿಗೆಯಲ್ಲಿರಿಸಬೇಕು.

ಕೊನೆಗೊಂದು ಮಾತು. ಗಾಯವಾದರೆ ಶುಭ್ರವಾದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ, ಕೈಯನ್ನು ಮೇಲೆತ್ತಿ ಹಿಡಿಯಬೇಕು. ಅರಸಿನ, ಕಾಫಿಪುಡಿಗಳನ್ನು ತುಂಬಬಾರದು. ರಕ್ತ ನಿಲ್ಲದಿದ್ದರೂ, ಬೆರಳು ಜೋಮುಗಟ್ಟಿದರೂ, ಬಾಗದಿದ್ದರೂ ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು; ಧನುರ್ವಾಯುವಿನ ಚುಚ್ಚುಮದ್ದನ್ನು ಕೇಳಲು ಮರೆಯಬಾರದು. ಒಂದು ದಿನದ ಸಂಬಳ ಹೋದೀತೆಂದು ಅಂದು ನಮ್ಮ ಗೆಳೆಯನು ಹಿಂಜರಿದನು, ನಾವೂ ಒತ್ತಾಯಿಸಲಿಲ್ಲ. ವಾಚಕರು ತಮ್ಮ ಕೋಣೆಯ ಗೆಳೆಯರ ವಿಷಯದಲ್ಲಿ ಹಾಗೆ ಮಾಡದಿರಲಿ.