ಹಲ್ಲಿನ ಇಂಪ್ಲಾಂಟ್ ಆದ ಮೇಲೆ ರಕ್ತ ಬಂದರೆ: ಹೆಪ್ಪನ್ನು ಕಾಯೋಣ



ಸಂಘದ ಸಭೆಯಲ್ಲಿ ಹಲ್ಲಿನ ಮಾತು ಬಂದರೆ ನಾವು ನಕ್ಕು ಬಿಡುತ್ತೇವೆ. “ಹಲ್ಲು ಹೋದ್ರ ಹೋತು, ರೊಟ್ಟಿ ನೆನಸಿ ತಿಂದ್ರಾತು ಬಿಡ್ರಿ” ಎನ್ನುತ್ತೇವೆ. ಆದರೆ ಜೋಳದ ರೊಟ್ಟಿ ಅಗಿಯಲು ಬಾರದವರಿಗೇ ಗೊತ್ತು ಅದರ ಕಷ್ಟ. ಹೀಗಾಗಿ ಕೆಲವರು ಪಟ್ಟಣಕ್ಕೆ ಹೋಗಿ ಇಂಪ್ಲಾಂಟ್ ಹಾಕಿಸಿಕೊಳ್ಳುತ್ತಾರೆ. ಹಗಲು ದವಾಖಾನೆಯಿಂದ ಬಂದವರು ರಾತ್ರಿ ಬಾಯಲ್ಲಿ ಕೆಂಪು ಕಂಡು ಗಾಬರಿಯಾಗುತ್ತಾರೆ. ಆ ಗಾಬರಿಯಲ್ಲಿ ಬಾಯಿ ಮುಕ್ಕಳಿಸುವುದು, ಉಗುಳುವುದು ಮಾಡಿದರೆ ನಿಲ್ಲುವ ರಕ್ತವೂ ಮತ್ತೆ ಹರಿಯುತ್ತದೆ. ಆದ್ದರಿಂದ ಈ ವಿಷಯವನ್ನು ಮೊದಲೇ ತಿಳಿದುಕೊಳ್ಳೋಣ. ಹಲ್ಲು ಕೀಳಿಸಿದವರಿಗೂ ಇದರಲ್ಲಿ ಬಹಳಷ್ಟು ಅನ್ವಯಿಸುತ್ತದೆ.

ಇಂಪ್ಲಾಂಟ್ ಎಂದರೇನು?

ಹಲ್ಲು ಬಿದ್ದ ಜಾಗದಲ್ಲಿ ಒಸಡು ಬಿಡಿಸಿ, ದವಡೆಯ ಎಲುಬಿನಲ್ಲಿ ಟೈಟಾನಿಯಂ ಎಂಬ ಲೋಹದ ಸಣ್ಣ ತಿರುಪು ಕೂಡಿಸುತ್ತಾರೆ. ಎಲುಬು ಅದಕ್ಕೆ ಬಿಗಿಯಾಗಿ ಕೂಡಿಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಆಮೇಲೆ ಅದರ ಮೇಲೆ ಹಲ್ಲು ಕಟ್ಟುತ್ತಾರೆ. ಸ್ವೀಡನ್ ದೇಶದ ವೈದ್ಯ ಬ್ರೊನೆಮಾರ್ಕ್ ಅವರು 1965ರಲ್ಲಿ ಒಬ್ಬ ರೋಗಿಯ ದವಡೆಗೆ ಇಂಥ ತಿರುಪು ಕೂಡಿಸಿದ್ದರಿಂದ ಈ ಚಿಕಿತ್ಸೆ ಬೆಳೆಯಿತು.

ರಕ್ತ ಹೇಗೆ ನಿಲ್ಲುತ್ತದೆ?

ಗಾಯವಾದ ಕೂಡಲೇ ರಕ್ತನಾಳ ಕುಗ್ಗುತ್ತದೆ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಅಲ್ಲಿ ಗುಂಪುಗೂಡುತ್ತವೆ. ಅವುಗಳ ಮೇಲೆ ಬಲೆಯಂತೆ ಎಳೆಗಳು ಹೆಣೆದು ರಕ್ತ ಹೆಪ್ಪುಗಟ್ಟುತ್ತದೆ. ಹಾಲಿಗೆ ಹೆಪ್ಪು ಹಾಕಿ ಘಳಿಗೆಗೊಮ್ಮೆ ಗಡಿಗೆ ಅಲ್ಲಾಡಿಸಿದರೆ ಮೊಸರು ಕೂಡುತ್ತದೆಯೇ? ಬಾಯೊಳಗಿನ ಹೆಪ್ಪೂ ಹಾಗೆಯೇ. ಅದನ್ನು ಅಲ್ಲಾಡಿಸದೆ ಬಿಡುವುದೇ ಮೊದಲ ಆರೈಕೆ.

ಹೋಗುವ ಮೊದಲೇ ಹೇಳಬೇಕಾದ್ದು

ಸಕ್ಕರೆ ಕಾಯಿಲೆ, ಬಿ.ಪಿ., ಲಿವರ್ ತೊಂದರೆ ಇದ್ದರೆ ವೈದ್ಯರಿಗೆ ಮುಚ್ಚಿಡಬೇಡಿ. ಮೈಮೇಲೆ ಸುಮ್ಮನೆ ನೀಲಿ ಕಲೆ ಏಳುವುದು, ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವುದು ಇದ್ದರೂ ಹೇಳಿ. ರಕ್ತ ಬೇಗ ಹೆಪ್ಪುಗಟ್ಟದ ದೋಷಕ್ಕೆ ಇವು ಗುರುತಾಗಿರಬಹುದು. “ಇದನ್ನೆಲ್ಲ ಹಲ್ಲಿನ ಡಾಕ್ಟರ್‌ಗೆ ಹ್ಯಾಂಗ ಹೇಳೋದ್ರಿ” ಎಂದು ನಾಚಬೇಡಿ.

ಹೃದಯದ ತೊಂದರೆಗೆ ಅಥವಾ ಲಕ್ವಾ ಹೊಡೆದವರಿಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ಗುಳಿಗೆ ಕೊಟ್ಟಿರುತ್ತಾರೆ. ಇವು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ. ಗುಳಿಗೆಯ ಚೀಟಿಯನ್ನು ಹಲ್ಲಿನ ವೈದ್ಯರಿಗೆ ತೋರಿಸಿ. ಆದರೆ ರಕ್ತ ಹೋಗುತ್ತದೆಂದು ನೀವೇ ಗುಳಿಗೆ ನಿಲ್ಲಿಸಬೇಡಿ. ಬಾಯಿಯ ರಕ್ತವನ್ನು ಒತ್ತಿ ನಿಲ್ಲಿಸಬಹುದು. ಗುಳಿಗೆ ಬಿಟ್ಟು ಮತ್ತೆ ಲಕ್ವಾ ಹೊಡೆದರೆ ಮನೆಯೇ ಕುಸಿಯುತ್ತದೆ.

ಮೊದಲ ದಿನ

ವೈದ್ಯರು ಇಟ್ಟ ಬಟ್ಟೆಯನ್ನು ಅರ್ಧದಿಂದ ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. ಪದೇ ಪದೇ ತೆಗೆದು ನೋಡಬೇಡಿ. ಒಂದು ದಿನದವರೆಗೆ ಉಗುಳು ಕೆಂಪಗಾಗುವುದು ಸಹಜ. ಒಂದು ಹನಿ ರಕ್ತ ಬಾಯಿ ತುಂಬ ಉಗುಳನ್ನು ಕೆಂಪು ಮಾಡುತ್ತದೆ, ಅದನ್ನು ಕಂಡು ಅಂಜಬೇಡಿ.

ಮತ್ತೆ ರಕ್ತ ಜಿನುಗಿದರೆ ನೆಟ್ಟಗೆ ಕುಳಿತುಕೊಳ್ಳಿ. ದವಾಖಾನೆಯವರು ಕೊಟ್ಟ ಸ್ವಚ್ಛ ಬಟ್ಟೆಯನ್ನು ಮಡಚಿ, ಒದ್ದೆ ಮಾಡಿ, ಗಾಯದ ಮೇಲಿಟ್ಟು ಗಡಿಯಾರ ನೋಡಿ ಅರ್ಧ ಗಂಟೆ ಕಚ್ಚಿ ಹಿಡಿಯಿರಿ.

24 ಗಂಟೆ ಬಾಯಿ ಮುಕ್ಕಳಿಸಬಾರದು, ಜೋರಾಗಿ ಉಗುಳಬಾರದು, ಕೊಳವೆಯಿಂದ ಹೀರಿ ಕುಡಿಯಬಾರದು. ಬಿಸಿ ಚಹಾ ಬೇಡ. ಭಾರ ಎತ್ತುವುದು, ಬಗ್ಗಿ ಕೆಲಸ ಮಾಡುವುದು ಬೇಡ. ಅಂದು ನೀರಿನ ಕೊಡವನ್ನು ಮನೆಯವರೇ ಹೊರಲಿ. ಕೆನ್ನೆಯ ಹೊರಗೆ ಬಟ್ಟೆಯಲ್ಲಿ ಸುತ್ತಿದ ಐಸನ್ನು 10-15 ನಿಮಿಷ ಇಟ್ಟು, ಅಷ್ಟೇ ಹೊತ್ತು ಬಿಡಿ. ಮಲಗುವಾಗ ತಲೆಗೆ ಎರಡು ದಿಂಬು ಇಟ್ಟುಕೊಳ್ಳಿ. ಗಾಯಕ್ಕೆ ಸುಣ್ಣ, ಬೂದಿ, ತಂಬಾಕು ಒತ್ತಬೇಡಿ. ನೋವಿನ ಗುಳಿಗೆಯನ್ನು ವೈದ್ಯರು ಬರೆದದ್ದನ್ನೇ ತೆಗೆದುಕೊಳ್ಳಿ.

ಎರಡನೇ ದಿನದಿಂದ

ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಮೆಲ್ಲಗೆ ಆಡಿಸಿ, ತಾನಾಗಿ ಬೀಳಲು ಬಿಡಿ. ಊಟದ ನಂತರ ಹೀಗೆ ಮಾಡಿ. ಬಾವು ಎರಡು-ಮೂರನೇ ದಿನ ಹೆಚ್ಚಾಗಿ ಆಮೇಲೆ ಇಳಿಯುತ್ತದೆ. ನಂಜಾಗುತ್ತದೆಂದು ಊಟ ಬಿಡಬೇಡಿ. ಆರಿದ ಗಂಜಿ, ಮಜ್ಜಿಗೆ ಅನ್ನ, ಮೆತ್ತಗೆ ಕಲಸಿದ ಬೇಳೆ, ಬಾಳೆಹಣ್ಣು ತಿನ್ನಿ. ಖಡಕ್ ರೊಟ್ಟಿ, ಚುರುಮುರಿ, ಖಾರ ಸದ್ಯಕ್ಕೆ ಬೇಡ. ಉಳಿದ ಹಲ್ಲುಗಳನ್ನು ಮೃದುವಾಗಿ ಉಜ್ಜಿರಿ. ಹೊಲಿಗೆ ಬಿಚ್ಚಲು ಸಾಮಾನ್ಯವಾಗಿ 7ರಿಂದ 10 ದಿನಕ್ಕೆ ಕರೆಯುತ್ತಾರೆ, ತಪ್ಪದೆ ಹೋಗಿ.

ಎಲೆ-ಅಡಿಕೆ, ಗುಟ್ಕಾ, ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿ, ಬೀಡಿ ಇವೆಲ್ಲ ಗಾಯ ಮಾಗುವುದನ್ನು ಕೆಡಿಸುತ್ತವೆ. ತಿರುಪು ಎಲುಬಿಗೆ ಕೂಡದೆ ಸಡಿಲಾದರೆ ಕೊಟ್ಟ ಹಣವೆಲ್ಲ ವ್ಯರ್ಥ.

ತಡ ಮಾಡದೆ ಹೊರಡಬೇಕಾದಾಗ

ಅರ್ಧ ಗಂಟೆಯಂತೆ ಎರಡು ಸಲ ಒತ್ತಿ ಹಿಡಿದರೂ ರಕ್ತ ಹರಿಯುತ್ತಿದ್ದರೆ, ತಲೆ ಸುತ್ತಿ ಮೈ ತಣ್ಣಗಾದರೆ, ಅದು ಬೆಳಗಿನ ಬಸ್ಸಿಗೆ ಕಾಯುವ ಹೊತ್ತಲ್ಲ. ನಾಲಿಗೆಯ ಕೆಳಗೆ ಊದಿ ನಾಲಿಗೆ ಮೇಲೇಳುತ್ತಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಜೀವಕ್ಕೇ ಅಪಾಯ. ಕೂಡಲೇ 108ಕ್ಕೆ ಫೋನ್ ಮಾಡಿ. ಜ್ವರ, ಕೀವು, ಮೂರು ದಿನದ ಮೇಲೂ ಏರುವ ಬಾವು, ತುಟಿ-ಗದ್ದದ ಜೋಮು ಮರುದಿನವೂ ಹೋಗದಿರುವುದು ಕಂಡರೆ ಚಿಕಿತ್ಸೆ ಕೊಟ್ಟ ವೈದ್ಯರಲ್ಲಿಗೆ ಹೋಗಿ. ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯದ ಆಸ್ಪತ್ರೆಯೂ ಇದೆ.

ಸಂಘ ಏನು ಮಾಡಬಹುದು?

ಸಂಘದಿಂದ ಸಾಲ ಪಡೆದು ಇಂಪ್ಲಾಂಟ್ ಹಾಕಿಸುವ ಸದಸ್ಯೆಯೊಂದಿಗೆ ಮೊದಲೇ ಲೆಕ್ಕ ಮಾಡಿ. ತಿರುಪಿನ ಖರ್ಚು, ಮೇಲಿನ ಹಲ್ಲಿನ ಖರ್ಚು, ಔಷಧಿ, ಮತ್ತೆ ಮತ್ತೆ ಹೋಗಿಬರುವ ಬಸ್ ಚಾರ್ಜು ಎಲ್ಲ ಸೇರಿಸಿ. ಆ ದಿನ ಒಬ್ಬರು ಜೊತೆಗೆ ಹೋಗಿ. ವೈದ್ಯರ ಫೋನ್ ನಂಬರನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ರಾತ್ರಿ ಒಮ್ಮೆ ಅವರ ಮನೆಗೆ ಹೋಗಿ, “ಹ್ಯಾಂಗೈತಿ ಅಕ್ಕಾ?” ಎಂದು ಕೇಳಿ ಬನ್ನಿ. ನೋವನ್ನು ನುಂಗಿಕೊಂಡು ಮೂಲೆಯಲ್ಲಿ ಮಲಗುವ ಅಭ್ಯಾಸ ನಮ್ಮ ಹೆಣ್ಣುಮಕ್ಕಳದು. ಆ ಒಂದು ಮಾತು ಕೇಳುವವರಿದ್ದರೆ ಅಪಾಯ ಬೇಗ ಗೊತ್ತಾಗುತ್ತದೆ. ಉಳಿತಾಯದ ಜೊತೆಗೆ ಒಬ್ಬರನ್ನೊಬ್ಬರು ಕಾಯುವುದೂ ನಮ್ಮ ಸಂಘದ ಕೆಲಸವೇ.